ಒಂದು ಸೂಜಿಯೂ ತಪ್ಪಬಾರದು

ಜೀವಕೋಶದೊಳಗೆ ಪ್ರೋಟೀನುಗಳು ಹೇಗೆ ನಾಶವಾಗುತ್ತವೆ ಎಂಬುದರ ಮೇಲೆ ನಾನು ಕೆಲಸ ಮಾಡುತ್ತಾ ಇಪ್ಪತ್ತು ವರ್ಷ ದಾಟಿತು. ಇಷ್ಟು ವರ್ಷದಲ್ಲಿ ನಮ್ಮ ನೆಂಟರಿಷ್ಟರು ಅದರ ಬಗ್ಗೆ ಕೇಳಿರುವ ಪ್ರಶ್ನೆಗಳು ಎರಡೇ ಎರಡು. ಹೆಸರುಕಾಳಲ್ಲಿ ಪ್ರೋಟೀನು ಜಾಸ್ತಿಯೋ, ಹುರುಳಿಯಲ್ಲೋ? ಜಿಮ್ಮಿಗೆ ಹೋಗುವ ಮಗನಿಗೆ ಯಾವ ಡಬ್ಬಿಯ ಪುಡಿ ತಂದುಕೊಡಬೇಕು? ಮೊದಮೊದಲು ಕೂರಿಸಿಕೊಂಡು ವಿವರಿಸುತ್ತಿದ್ದೆ. ಈಗ ಯಾರು ಏನೇ ಕೇಳಲಿ, ಹುರುಳಿ ಅಂದುಬಿಡುತ್ತೇನೆ.

ನಮ್ಮತ್ತೆ ಒಬ್ಬರೇ ಬೇರೆ ಥರ ಕೇಳಿದ್ದು. ಆಗ ಮದುವೆಯಾದ ಹೊಸತು. ಗಂಡನ ಮನೆ ಬಿಳಿಗೆರೆ ಹತ್ತಿರ, ತೆಂಗಿನ ತೋಟದ ನಡುವೆ. ನನ್ನ ಲ್ಯಾಬು ತುಮಕೂರಿನಲ್ಲಿ. ಬೆಳಿಗ್ಗೆ ತಿಪಟೂರಿನಲ್ಲಿ ರೈಲು ಹತ್ತಿದರೆ ಸಂಜೆ ವಾಪಸ್ಸು. ಒಂದು ಸಂಜೆ ಅತ್ತೆ ಬಚ್ಚಲೊಲೆಗೆ ತೆಂಗಿನ ಮಟ್ಟೆ ತುರುಕುತ್ತಾ, "ದಿನಾ ಅಷ್ಟ್ ದೂರ ಹೋಗಿ ಅದೇನ್ ಮಾಡ್ತೀಯಮ್ಮ?" ಅಂದರು. ಅವರಿಗೆ ಆಗಲೇ ಕಿವಿ ಮಂದ. ಟೀವಿ ಹಾಕಿದರೆ ಅವರ ಧಾರಾವಾಹಿ ಪಕ್ಕದ ತೋಟದವರಿಗೂ ಕೇಳುತ್ತಿತ್ತು. ಹಾಗಾಗಿ ನಾನು ಬಚ್ಚಲ ಬಾಗಿಲಲ್ಲಿ ನಿಂತು ಕಿರುಚಿ ಕಿರುಚಿ ಹೇಳಿದೆ. ಜೀವಕೋಶ ಅಂತ ಇರುತ್ತೆ ಅತ್ತೆ, ಕಣ್ಣಿಗೆ ಕಾಣಲ್ಲ. ಅದರೊಳಗೆ ಕೆಲಸ ಮಾಡೋದೆಲ್ಲ ಪ್ರೋಟೀನುಗಳು. ಅವು ಹಳೇದಾದಾಗ, ಸೊಟ್ಟಗಾದಾಗ, ಕೋಶ ಅವಕ್ಕೊಂದು ಚೀಟಿ ಅಂಟಿಸುತ್ತೆ. ಚೀಟಿ ಬಿದ್ದದ್ದನ್ನು ಒಂದು ಯಂತ್ರ ಒಳಗೆಳೆದುಕೊಂಡು ಚೂರು ಮಾಡುತ್ತೆ. ಆ ಚೂರುಗಳಿಂದ ಮತ್ತೆ ಹೊಸದು ಕಟ್ಟುತ್ತೆ.

ಅತ್ತೆ ಪೂರ್ತಿ ಕೇಳಿಸಿಕೊಂಡರು. ಇನ್ನೊಂದು ಮಟ್ಟೆ ಒಲೆಗಿಟ್ಟರು. "ಅದ್ರಲ್ಲಿ ಕಂಡುಹಿಡ್ಯಕ್ಕೇನೈತೆ ಕಣಮ್ಮ? ಎಲ್ರ ಮನೇಲೂ ಮಾಡೋದೇ ಅಲ್ವಾ?" ಅಂದರು.

ಆ ಮನೆಯ ಮಟ್ಟಿಗೆ ಅವರ ಮಾತು ನಿಜ. ಅಲ್ಲಿ ಕಸ ಅಂತ ಯಾವುದೂ ಇರಲಿಲ್ಲ. ಮಟ್ಟೆ ಒಲೆಗೆ, ಕಡ್ಡಿ ಪೊರಕೆಗೆ, ಕರಟ ಇದ್ದಿಲಿಗೆ, ಉಳಿದ ಬೂದಿ ಪಾತ್ರೆಗೆ, ಪಾತ್ರೆ ತೊಳೆದ ನೀರು ಗಿಡಕ್ಕೆ. ಆದರೆ ಐದು ವರ್ಷ ಕಣ್ಣು ಕಳೆದುಕೊಂಡು ಪ್ರಬಂಧ ಬರೆಯುತ್ತಿದ್ದ ನನಗೆ ಮೈಯೆಲ್ಲ ಉರಿಯಿತು. ಎರಡು ದಿನ ಅವರ ಹತ್ತಿರ ಸರಿಯಾಗಿ ಮಾತಾಡಲಿಲ್ಲ. ಅವರಿಗದು ಗೊತ್ತೂ ಆಗಲಿಲ್ಲ.

ಅತ್ತೆಯ ಹೆಸರಿದ್ದದ್ದು ಅಟ್ಟದ ಕೆಲಸದಲ್ಲಿ. ನಮ್ಮ ಕಡೆ ಕೊಬ್ಬರಿಗೆ ಅವಸರ ಮಾಡುವುದಿಲ್ಲ. ಬಲಿತ ಕಾಯಿಯನ್ನು ಮಟ್ಟೆ ಸಮೇತ ಅಟ್ಟದ ಮೇಲೆ ಹಾಕಿ ಹತ್ತು ಹನ್ನೊಂದು ತಿಂಗಳು ಅದರ ಪಾಡಿಗೆ ಬಿಡುತ್ತೇವೆ. ಒಳಗಿನ ನೀರು ಇಂಗಿ, ತಿರುಳು ಕರಟದಿಂದ ಬಿಟ್ಟುಕೊಂಡು ಉಂಡೆ ಕೊಬ್ಬರಿಯಾಗುತ್ತದೆ. ಆದರೆ ಒಂದೇ ದಿನ ಅಟ್ಟ ಸೇರಿದ ಕಾಯಿಗಳೆಲ್ಲ ಒಂದೇ ದಿನ ಆಗುವುದಿಲ್ಲ. ಆಗದ ಕಾಯಿಯನ್ನು ಒಡೆದರೆ ಉಂಡೆ ಸಿಗದೆ ಹೋಳಾಗುತ್ತದೆ. ಅತ್ತ ಕಾಯಿಯೂ ಅಲ್ಲ, ಇತ್ತ ಕೊಬ್ಬರಿಯೂ ಅಲ್ಲ. ಅದಕ್ಕೇ ಅಟ್ಟ ಇಳಿಸುವ ದಿನ ಒಂದೊಂದನ್ನೂ ಅಲ್ಲಾಡಿಸಿ ನೋಡಬೇಕು. ನಮ್ಮ ಮನೆಯಲ್ಲಿ ಅದನ್ನು ಅತ್ತೆ ಬಿಟ್ಟು ಬೇರೆ ಯಾರೂ ಮಾಡುವಂತಿರಲಿಲ್ಲ. ಮಣೆ ಹಾಕಿಕೊಂಡು ಕೂತು, ಕಾಯಿಯನ್ನು ಕಿವಿಯ ಹತ್ತಿರ ಹಿಡಿದು ಒಂದೇ ಸಲ ಅಲ್ಲಾಡಿಸುವರು. ಆದದ್ದನ್ನು ಬಲಕ್ಕೆ ಉರುಳಿಸುವರು, ಆಗದ್ದನ್ನು ಎಡಕ್ಕೆ. ಎಡಕ್ಕೆ ಬಿದ್ದದ್ದು ಮತ್ತೆ ಅಟ್ಟಕ್ಕೆ. ಅವರು ಬಲಕ್ಕೆ ಉರುಳಿಸಿದ ಕಾಯಿ ಹೋಳು ಬಂದದ್ದನ್ನು ನಾನು ನೋಡಿದ್ದಿಲ್ಲ. "ಅಮ್ಮಾರ್ ಕಿವಿ ಅಂದ್ರೆ ಕಿವಿ ಕಣ್ರೀ" ಎಂದು ಕಾಯಿ ಒಡೆಯಲು ಬರುವ ಆಳು ಹೇಳುತ್ತಿದ್ದ. ನಾನೂ ಹೌದೌದು ಅನ್ನುತ್ತಿದ್ದೆ. ಅದೇ ಕಿವಿಗೆ ಕಾಫಿ ಬೇಕಾ ಎಂದು ಮೂರು ಸಲ ಕೂಗಿ ಕೇಳುತ್ತಿದ್ದವಳೂ ನಾನೇ. ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ಯೋಚಿಸಬೇಕು ಅಂತ ಒಂದು ದಿನವೂ ನನಗೆ ಹೊಳೆಯಲಿಲ್ಲ.

ಎರಡು ವರ್ಷದ ಹಿಂದೆ ಅತ್ತೆಗೆ ಬೆನ್ನುನೋವು ಶುರುವಾಯಿತು. ವಯಸ್ಸಾಯಿತಲ್ಲ ಎಂದು ಎಣ್ಣೆ ತಿಕ್ಕಿದೆವು. ಆಮೇಲೆ ಸುಸ್ತು, ಮುಖ ಬಿಳಿಚಿಕೊಂಡಿತು. ತುಮಕೂರಿನ ಆಸ್ಪತ್ರೆಯಲ್ಲಿ ರಕ್ತ ನೋಡಿ, ಮೂಳೆ ನೋಡಿ, ಇದು ಮೂಳೆಯೊಳಗಿನ ಮಜ್ಜೆಗೆ ಬರುವ ಒಂದು ಬಗೆಯ ಕ್ಯಾನ್ಸರ್ ಎಂದರು. ಪೂರ್ತಿ ವಾಸಿಯಾಗದಿದ್ದರೂ ಹಿಡಿತದಲ್ಲಿಡಬಹುದು ಎಂದು ಡಾಕ್ಟರು ಔಷಧಿ ಬರೆದುಕೊಟ್ಟರು. ಚೀಟಿಯಲ್ಲಿದ್ದ ಮೊದಲ ಹೆಸರು ನೋಡಿ ನಾನು ಅಲ್ಲೇ ಬೆಂಚಿನ ಮೇಲೆ ಕೂತುಬಿಟ್ಟೆ. ಅದೇ ಔಷಧಿಯ ಪುಟ್ಟ ಸೀಸೆ ನನ್ನ ಲ್ಯಾಬಿನ ಫ್ರೀಜರಿನಲ್ಲಿ ವರ್ಷಗಳಿಂದ ಇದೆ. ನಾನು ಕೆಲಸ ಮಾಡುವುದು ಬ್ರೆಡ್ಡು ಉಬ್ಬಿಸುವ ಯೀಸ್ಟಿನ ಮೇಲೆ. ಅದರೊಳಗಿನ ಪ್ರೋಟೀನು ಒಡೆಯುವ ಯಂತ್ರವನ್ನು ನಿಲ್ಲಿಸಿದರೆ ಏನಾಗುತ್ತದೆಂದು ನೋಡಬೇಕಾದಾಗ ಹಾಕುವುದು ಇದನ್ನೇ.

ಈ ಕಾಯಿಲೆಯಲ್ಲಿ ಕೆಟ್ಟ ಕೋಶಗಳು ಮಿತಿಮೀರಿ ಪ್ರೋಟೀನು ತಯಾರಿಸುತ್ತವೆ. ಅಷ್ಟು ತಯಾರಿಸಿದ ಮೇಲೆ ಅದರಲ್ಲಿ ಸೊಟ್ಟಪಟ್ಟಗಳೂ ಅಷ್ಟೇ ಇರುತ್ತವೆ. ಒಡೆಯುವ ಯಂತ್ರಕ್ಕೆ ಬೀಗ ಹಾಕಿದರೆ ಆ ಕೋಶಗಳು ತಮ್ಮ ಕಸದಲ್ಲಿ ತಾವೇ ಉಸಿರುಕಟ್ಟಿ ಸಾಯುತ್ತವೆ. ಇದನ್ನು ಮನೆಗೆ ಬಂದು ಅತ್ತೆಗೆ ಕಿರುಚಿ ಹೇಳಿದೆ. ಈ ಸಲ ಅವರು "ಕಂಡುಹಿಡ್ಯಕ್ಕೇನೈತೆ" ಅನ್ನಲಿಲ್ಲ. ನನ್ನ ಮುಖ ನೋಡಿ, "ನೀನ್ ಮಾಡ್ತಿದ್ದಿದ್ದು ಇದೇನಾ ಹಂಗಾರೆ?" ಅಂದರು. ಹೂಂ ಅತ್ತೆ, ಇಂಥದ್ದೇ ಅಂದೆ. ಅಷ್ಟಕ್ಕೇ ನಿಲ್ಲಿಸಬಾರದಿತ್ತು.

ವಾರ ಕಳೆಯುವುದರೊಳಗೆ ಸುತ್ತಲ ಹಳ್ಳಿಗಳಲ್ಲೆಲ್ಲ ಅದು ನಾನು ಕಂಡುಹಿಡಿದ ಔಷಧಿಯಾಗಿತ್ತು. ನೋಡಲು ಬಂದವರಿಗೆಲ್ಲ ಅತ್ತೆ, "ನಮ್ ಸೊಸೆ ಔಷಧಿ. ಡಾಕ್ಟ್ರು ಬರೀ ಸೂಜಿ ಚುಚ್ತಾರೆ ಅಷ್ಟೇ" ಎನ್ನುತ್ತಿದ್ದರು. ಅಲ್ಲ ಅತ್ತೆ, ಅದನ್ನ ಯಾರೋ ಹೊರದೇಶದವರು ಕಂಡುಹಿಡಿದದ್ದು, ನಾನು ಯೀಸ್ಟಿಗೆ ಹಾಕಿ ನೋಡೋಳು ಅಷ್ಟೇ ಎಂದು ಕೂಗುತ್ತಿದ್ದೆ. ಬೇಡದ ಮಾತು ಅವರ ಕಿವಿಗೆ ಯಾವತ್ತೂ ಬಿದ್ದದ್ದಿಲ್ಲ. ದಬ್ಬೇಘಟ್ಟದಿಂದ ದೂರದ ಸಂಬಂಧಿಯೊಬ್ಬರು ಫೋನು ಮಾಡಿ, ಮಂಡಿನೋವಿಗೂ ಏನಾದರೂ ಕಂಡುಹಿಡಿದಿದ್ದೀರಾ ಅಂತ ಕೇಳಿದರು. ಹುರುಳಿ ತಿನ್ನಿ ಅಂದೆ.

ಆಮೇಲೆ ನೆಲ್ಲಿಕಾಯಿಯ ಕಾಟ. ಈ ಔಷಧಿ ನಡೆಯುವಾಗ ವಿಟಮಿನ್ ಸಿ ಮಾತ್ರೆ ಬೇಡ, ಅದು ಔಷಧಿಯನ್ನು ಮೊಂಡು ಮಾಡಬಹುದು ಎಂದು ಡಾಕ್ಟರು ಹೇಳಿದ್ದರು. ನೆಲ್ಲಿಕಾಯಿಯ ತುಂಬ ಇರುವುದು ಅದೇ. ಕಾಯಿಲೆಯವರನ್ನು ನೋಡಲು ಬರುವವರು ನಮ್ಮಲ್ಲಿ ಬರಿಗೈಲಿ ಬರುತ್ತಾರೆಯೇ? ಒಬ್ಬರಾದ ಮೇಲೊಬ್ಬರು ನೆಲ್ಲಿಕಾಯಿ ರಸ, ನೆಲ್ಲಿಕಾಯಿ ಮುರಬ್ಬ, ಜೇನಲ್ಲಿ ನೆನೆಸಿದ ನೆಲ್ಲಿಕಾಯಿ. "ರಕ್ತ ಆಯ್ತದೆ, ಕುಡೀರಿ" ಎಂದು ಬಲವಂತ ಬೇರೆ. ನಾನು ಬಾಟಲಿಗಳನ್ನು ಕಿತ್ತುಕೊಂಡೆ. ಹಿತ್ತಲ ಕಡೆಯ ಕೋಣೆಯ ಬೀರುವಿನಲ್ಲಿಟ್ಟು ಬೀಗ ಹಾಕಿದೆ. ಬಂದವರ ಮುಂದೆಯೇ ಹೀಗೆ ಮಾಡುತ್ತೀಯಲ್ಲ ಎಂದು ನಮ್ಮ ಯಜಮಾನರು ಗೊಣಗಿದರು. ನಿಮಗೆ ನಿಮ್ಮಮ್ಮ ಬೇಕೋ ನೆಲ್ಲಿಕಾಯಿ ಬೇಕೋ ಎಂದು ಅವರ ಮೇಲೂ ಹರಿಹಾಯ್ದೆ.

ಆಗ ನಾನೇ ಒಂದು ಕಾನೂನು ಮಾಡಿದೆ. ಡಾಕ್ಟರು ಹೇಳಿದ್ದು ವಾರಕ್ಕೆ ಎರಡು ಸಲ ಹೊಟ್ಟೆಯ ಚರ್ಮಕ್ಕೆ ಸೂಜಿ, ಎರಡು ವಾರ ಆದ ಮೇಲೆ ಹತ್ತು ದಿನ ಬಿಡುವು, ಮತ್ತೆ ಶುರು. ಅದರಲ್ಲಿ ಒಂದು ಸೂಜಿಯೂ ತಪ್ಪಬಾರದು. ನಾನು ಲ್ಯಾಬಿನಲ್ಲಿ ಕಣ್ಣಾರೆ ನೋಡಿದ್ದೇನೆ ಅತ್ತೆ, ಔಷಧಿ ತೊಳೆದುಬಿಟ್ಟರೆ ಆ ಯಂತ್ರ ಮತ್ತೆ ಎದ್ದು ಕೂರುತ್ತೆ, ಕೋಶ ಚೇತರಿಸಿಕೊಳ್ಳುತ್ತೆ. ನಡುವೆ ಬಿಟ್ಟರೆ ಇಷ್ಟು ದಿನ ಪಟ್ಟದ್ದೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗೆ. ಇದನ್ನು ಹೇಳುವಾಗ ನನಗೆ ಅಳು ಬಂದಿತ್ತು. ಸಿಟ್ಟಿನಲ್ಲೇ ಅಳು ಬರುವ ಜಾತಿ ನನ್ನದು. ಅತ್ತೆ ಅದನ್ನು ನೋಡಿದರು. "ಆಯ್ತು ಬುಡು, ತಪ್ಸಲ್ಲ" ಅಂದರು.

ತಪ್ಪಿಸಲೂ ಇಲ್ಲ. ಪ್ರತಿ ಸಲ ನಾನೇ ಕರೆದುಕೊಂಡು ಹೋದೆ. ಡಾಕ್ಟರು ಪ್ರತಿ ಸಲವೂ ಅದೇ ನಾಲ್ಕು ಪ್ರಶ್ನೆ ಕೇಳುವರು: ಊಟ ಸೇರುತ್ತಾ, ಜ್ವರ ಇದೆಯಾ, ಹೊಟ್ಟೆ ಕಟ್ಟಿದೆಯಾ, ಕೈಕಾಲು ಜೋಮು ಹಿಡಿಯುತ್ತಾ. ನಾಲ್ಕನೆಯ ಪ್ರಶ್ನೆಗೆ ಅತ್ತೆ ನನ್ನ ಮುಖ ನೋಡುವರು. ಕೇಳಿಸಲಿಲ್ಲ ಎಂದುಕೊಂಡು ನಾನು ಅವರ ಕಿವಿಯ ಹತ್ತಿರ ಬಗ್ಗಿ, "ಜೋಮು ಇದೆಯಾ ಅಂತ ಅತ್ತೆ, ಜೋಮು!" ಎಂದು ಹೊರಗಿನ ಸಾಲಿನವರಿಗೂ ಕೇಳುವ ಹಾಗೆ ಕೂಗುತ್ತಿದ್ದೆ. ಅವರು ಇಲ್ಲವೆಂದು ತಲೆಯಾಡಿಸುವರು. ಮುಂದಿನ ರೈಲು ತಪ್ಪುತ್ತದಲ್ಲ ಎಂಬ ಗಡಿಬಿಡಿಯಲ್ಲಿ ನಾನು ಸೀರೆ ಸೆರಗು ಸರಿಮಾಡಿ ಎಬ್ಬಿಸುತ್ತಿದ್ದೆ. ರಕ್ತದ ವರದಿಯಲ್ಲಿ ಕೆಟ್ಟ ಪ್ರೋಟೀನು ತಿಂಗಳು ತಿಂಗಳಿಗೂ ಇಳಿಯುತ್ತಿತ್ತು. ನಾನು ಆ ಕಾಗದವನ್ನು ಮಾತ್ರ ನೋಡುತ್ತಿದ್ದೆ.

ಐದನೇ ತಿಂಗಳಲ್ಲಿ ಅಟ್ಟ ಇಳಿಸುವುದು ಬಂತು. ಈ ವರ್ಷ ಬೇಡ, ಸುಸ್ತಾಗುತ್ತೆ ಎಂದರೆ ಅತ್ತೆ ಕೇಳಲಿಲ್ಲ. ನಾನು ರಜೆ ಹಾಕಿದೆ, ಕಾವಲಿಗೆ. ಮಣೆಯ ಮೇಲೆ ಕೂತರು. ಮೇಲಿನಿಂದ ಕಾಯಿ ಇಳಿದವು. ಅವರು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದರು. ಒಂದಲ್ಲ, ಮೂರು ನಾಲ್ಕು ಸಲ. ಎರಡು ಕಾಯಿ ಕೈಜಾರಿ ಬಿದ್ದವು. ಸುಸ್ತು ಅಂದುಕೊಂಡೆ. ಮಧ್ಯಾಹ್ನದ ಹೊತ್ತಿಗೆ ಬಲಗಡೆಯ ರಾಶಿ ದೊಡ್ಡದಾಯಿತು. ಆಳುಗಳು ಸುಲಿದು ಒಡೆಯಲು ಶುರು ಮಾಡಿದರು. ಮೊದಲು ಒಂದು ಹೋಳು ಬಂತು. ಎಲ್ಲರೂ ನಕ್ಕರು. ಆಮೇಲೆ ಇನ್ನೊಂದು. ಆಮೇಲೆ ಸಾಲಾಗಿ ನಾಲ್ಕು. ಒಡೆಯುವ ಆಳು ಮಚ್ಚು ಕೆಳಗಿಟ್ಟು, "ಅಮ್ಮಾರ್ಗೆ ಈ ಸಲ ಕಿವಿ ಪೂರಾ ಹೋಯ್ತು ಅಂತ ಕಾಣ್ತದೆ ಕಣಣ್ಣ" ಎಂದ. ಯಜಮಾನರು ಹೋಳುಗಳನ್ನು ಕೈಯಲ್ಲಿ ಹಿಡಿದು, "ಹೋಗ್ಲಿ ಬುಡಮ್ಮ, ನಾಳೆಯಿಂದ ನಾನೇ ನೋಡ್ಕೊಂತೀನಿ" ಅಂದರು. ಮೆತ್ತಗೇ ಅಂದದ್ದು. ಆದರೂ ಅತ್ತೆ ಎದ್ದು ಒಳಗೆ ಹೋದರು.

ಹಿಂದೆಯೇ ಹೋದೆ. ಸಮಾಧಾನ ಹೇಳಲು ಹೋದೆ ಎಂದರೆ ಸುಳ್ಳಾಗುತ್ತದೆ. "ಕಿವಿಗೆ ಮಿಷನ್ ಹಾಕಿಸ್ಕೊಳ್ಳಿ ಅಂತ ಎಷ್ಟು ವರ್ಷದಿಂದ ಬಡ್ಕೋತಿದೀನಿ ಅತ್ತೆ? ನನ್ನ ಮಾತು ಯಾವತ್ತು ಕೇಳಿದೀರಿ?" ಎಂದು ಕೂಗಿದೆ.

ಅವರಿಗೂ ರೇಗಿತು. "ಕಿವೀಗೇನ್ ಬಂದೈತೆ? ಕಾಯಿ ನೋಡೋದು ಕಿವೀಲೇನೇ? ಒಳಗೆ ಉಂಡೆ ಸಡ್ಲ ಆಗಿ ಕರಟಕ್ಕೆ ಬಡೀತದೆ. ಅದು ಅಂಗೈಗೆ ಗೊತ್ತಾಗೋದು ಕಣೇ, ಕಿವಿಗಲ್ಲ. ಈ ಕಿವೀಲಿ ಏನ್ ಕೇಳ್ತದೆ ಅಂತ ನಿಂಗೊತ್ತಿಲ್ವಾ?"

"ಮತ್ತೆ ಕಿವಿ ಹತ್ರ ಯಾಕೆ ಹಿಡೀತೀರಿ?"

"ನಮ್ಮತ್ತೆ ಹಂಗ್ ಹಿಡೀತಿದ್ರು. ನಾನೂ ಹಿಡಿದೆ."

ನನ್ನ ಸಿಟ್ಟು ಅಲ್ಲೇ ನಿಂತಿತು. ಕಿವಿಯಲ್ಲ, ಕೈ. ನಾನು ಅವರ ಬಲಗೈ ಹಿಡಿದು ಬೆರಳ ತುದಿಯನ್ನು ಉಗುರಿನಿಂದ ಒತ್ತಿದೆ. ಅವರು ಗೋಡೆ ನೋಡುತ್ತಾ ಇದ್ದರು. ಇನ್ನೂ ಜೋರಾಗಿ ಒತ್ತಿದೆ. ಅವರಿಗೆ ಗೊತ್ತೇ ಆಗಲಿಲ್ಲ.

"ಯಾವಾಗಿಂದ ಅತ್ತೆ?"

"ಮೂರ್ನೇ ತಿಂಗ್ಳಿಂದ. ಬಟ್ಟೆ ಸುತ್ಕೊಂಡಂಗೈತೆ ಎರಡೂ ಕೈಗೆ. ಕಾಲು ಉರೀತದೆ." ಎಡಗೈ ಬಿಚ್ಚಿ ನೋಡಿಕೊಂಡರು. "ಪೂಜೇಲಿ ಕೈ ಮ್ಯಾಲೆ ಲಿಂಗ ಐತೋ ಇಲ್ವೋ ಅಂತ ಕಣ್ ಬುಟ್ಟು ನೋಡ್ಕೋಬೇಕು."

ನರದ ಕೋಶಗಳಿಗೂ ಆ ಯಂತ್ರ ಬೇಕು. ಬೆನ್ನುಹುರಿಯ ಹತ್ತಿರದಿಂದ ಬೆರಳ ತುದಿಯವರೆಗೆ ಚಾಚಿಕೊಂಡಿರುವ ಕೋಶ ಅದು. ಅಷ್ಟು ಉದ್ದಕ್ಕೂ ಕಸ ತೆಗೆಯುತ್ತಲೇ ಇರಬೇಕು. ಯಂತ್ರ ನಿಲ್ಲಿಸುವ ಔಷಧಿಗೆ ಕೆಟ್ಟ ಕೋಶ ಯಾವುದು, ಅತ್ತೆಯ ಅಂಗೈಯ ನರ ಯಾವುದು ಎಂದು ಚೆನ್ನಾಗಿ ಗೊತ್ತಾಗುವುದಿಲ್ಲ. ಇದನ್ನು ನಾನು ವಿದ್ಯಾರ್ಥಿಗಳಿಗೆ ಪ್ರತಿ ವರ್ಷ ಪಾಠ ಮಾಡುತ್ತೇನೆ, ಪರೀಕ್ಷೆಯಲ್ಲಿ ಕೇಳುತ್ತೇನೆ, ಬರೆಯದವರಿಗೆ ಬೈಯುತ್ತೇನೆ. ಬೇಗ ಹೇಳಿದರೆ ಪ್ರಮಾಣ ಇಳಿಸಬಹುದು, ವಾರಕ್ಕೊಂದು ಮಾಡಬಹುದು. ತಡವಾದಷ್ಟೂ ಆ ಸ್ಪರ್ಶ ವಾಪಸ್ಸು ಬರುವ ಭರವಸೆ ಕಡಿಮೆ. ಇಷ್ಟು ತಿಂಗಳು ನಾನು ನೆಲ್ಲಿಕಾಯಿ ಬಾಟಲಿ ಕಾಯುತ್ತಾ ಕೂತಿದ್ದೆ. ನನ್ನ ಮೇಲೆ ನನಗೇ ಹೇಸಿಗೆಯಾಯಿತು.

"ಡಾಕ್ಟ್ರು ಅಷ್ಟು ಸಲ ಕೇಳಿದ್ರಲ್ಲ ಅತ್ತೆ. ಯಾಕೆ ಹೇಳಲಿಲ್ಲ?"

"ಹೇಳಿದ್ರೆ ನಿಲ್ಲಿಸ್ತಾರೆ. ನಿಲ್ಲಿಸಿದ್ರೆ ಅವು ಎದ್ ಕೂತ್ಕೊಂತಾವೆ ಅಂತ ನೀನೇ ಅತ್ಕೊಂಡ್ ಹೇಳಿದ್ದೆ." ಸೆರಗಿನಿಂದ ಮುಖ ಒರೆಸಿಕೊಂಡರು. "ಊರಿಗೆಲ್ಲ ನಮ್ ಸೊಸೆ ಔಷಧಿ ಅಂತ ಹೇಳ್ಕೊಂಡ್ ಬಂದು, ಈಗ ಅದ್ರಿಂದ ಕೈ ಹೋಯ್ತು ಅಂತ ಯಾವ್ ಬಾಯಲ್ಲಿ ಹೇಳ್ಲಿ? ಜನ ನಿನ್ನ ಏನಂತಾರೆ?"

ನನಗೆ ಕಿರುಚಬೇಕೆನಿಸಿತು. ಅದು ನನ್ನ ಔಷಧಿ ಅಲ್ಲ ಎಂದು ನೂರು ಸಲ ಹೇಳಿದ್ದೆನಲ್ಲ. ಇಲ್ಲದ ಮರ್ಯಾದೆಯೊಂದನ್ನು ನನಗೆ ತಾವೇ ಕೊಟ್ಟು, ಅದನ್ನು ಉಳಿಸಲು ತಮ್ಮ ಎರಡೂ ಕೈ ಕಳೆದುಕೊಳ್ಳಲು ಕೂತಿದ್ದಾರೆ ಈ ಮುದುಕಿ. ಇಂಥವರ ಜೊತೆ ಏಗುವುದು ಹೇಗೆ? ಅವರ ಪಕ್ಕದಲ್ಲಿ ಕೂತು ಬಿಕ್ಕಿ ಬಿಕ್ಕಿ ಅತ್ತುಬಿಟ್ಟೆ. ಅವರು ಬೆನ್ನು ಸವರಿದರು. ಕೈ ಎಲ್ಲಿದೆ ಎಂದು ತಿಳಿಯದೆ ಎರಡು ಸಲ ನನ್ನ ಜಡೆಗೆ ಸಿಕ್ಕಿಸಿಕೊಂಡರು.

ಮಾರನೆಯ ದಿನವೇ ಆಸ್ಪತ್ರೆಗೆ ಹೋದೆವು. ಅವತ್ತು ಸೂಜಿಯ ದಿನವಲ್ಲ. ಡಾಕ್ಟರು ಆಶ್ಚರ್ಯದಿಂದ ಏನಾಯಿತು ಎಂದು ಕೇಳಿದರು. ಅತ್ತೆ ಅಭ್ಯಾಸದಂತೆ ನನ್ನ ಮುಖ ನೋಡಿದರು. ಕೇಳಿಸದೆ ನೋಡುತ್ತಿದ್ದದ್ದಲ್ಲ ಎಂದು ಆಗ ಅರ್ಥವಾಯಿತು. ಹೇಳಲೋ ಬೇಡವೋ ಎಂದು ಅಷ್ಟೂ ತಿಂಗಳು ಅವರು ನನ್ನನ್ನೇ ಕೇಳುತ್ತಿದ್ದರು. ನಾನು ಮಾತ್ರ ಜೋಮು, ಜೋಮು ಎಂದು ಅವರ ಕಿವಿಗೆ ಕೂಗುತ್ತಿದ್ದೆ.

"ಹೇಳಿ ಅತ್ತೆ" ಎಂದೆ, ಕೂಗದೆ. ತುಟಿ ನೋಡಿಯೇ ಅವರಿಗೆ ತಿಳಿಯಿತು.

ಅವರು ಎರಡೂ ಅಂಗೈಗಳನ್ನು ಡಾಕ್ಟರ ಮೇಜಿನ ಮೇಲೆ ಬಿಚ್ಚಿಟ್ಟರು. "ನಮ್ ಸೊಸೆ ಔಷಧಿ ಸ್ವಾಮಿ ಇದು. ಒಳ್ಳೇದೇ, ಇಲ್ಲ ಅನ್ನಲ್ಲ. ಕೈಗೆ ಮಾತ್ರ ಒಸಿ ಜೋರಾಯ್ತು" ಎಂದರು.

ಡಾಕ್ಟರು ತಲೆಯೆತ್ತಿ ನನ್ನನ್ನು ನೋಡಿದರು. ಅದು ನನ್ನದಲ್ಲ ಎಂದು ನಾನು ಹೇಳಲಿಲ್ಲ.